ಕಪ್ಪಾದ ನಾಣ್ಯವೂ ಬೆಳ್ಳಿಯದೇ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೆಳ್ಳಿಯ ಬೆಲೆ ಏರುತ್ತಿರುವ ಈ ದಿನಗಳಲ್ಲಿ ಹಳೆಯ ವಿದೇಶಿ ನಾಣ್ಯ ಕೊಳ್ಳುವವರು ಮೋಸಹೋಗದಿರಲೆಂಬ ಸದುದ್ದೇಶದಿಂದ ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಒಂದು ಕಿರುಬರಹ ಪ್ರಕಟವಾಗಿತ್ತು. ಅಸಲಿ ನಾಣ್ಯವಾದರೆ ತಿಕ್ಕಿದಾಗ ಬೆಳ್ಳಗೆ ಹೊಳೆಯಬೇಕು, ಕಲ್ಲಿನ ಮೇಲೆ ಬೀಳಿಸಿದರೆ ಗಂಟೆಯಂತೆ ದನಿ ಹೊರಡಬೇಕು, ಅದರ ಅಕ್ಷರಗಳಲ್ಲಿ ತಪ್ಪಿರಬಾರದು, ಇಷ್ಟಾದ ಮೇಲೂ ಅನುಮಾನ ಉಳಿದರೆ ಸರಾಫರ ಅಂಗಡಿಯ ಯಂತ್ರಕ್ಕೆ ಹಿಡಿಸಿ ಬೆಳ್ಳಿಯ ಅಂಶವನ್ನು ತಿಳಿದುಕೊಳ್ಳಬೇಕು ಎಂದು ಅದರಲ್ಲಿ ಹೇಳಲಾಗಿತ್ತು. ಬ್ರಿಟಿಷರ ಕಾಲದ ರೂಪಾಯಿಗೆ ಈ ಮಾತುಗಳು ಬಹುಮಟ್ಟಿಗೆ ಸಲ್ಲುತ್ತವೆ. ಆದರೆ ಮಧ್ಯಯುಗದ ಫ್ರಾನ್ಸಿನ ಬೆಳ್ಳಿ ನಾಣ್ಯಗಳಿಗೆ ಇವನ್ನೇ ಅನ್ವಯಿಸಿದರೆ ಅಸಲಿಯೆಲ್ಲ ಖೋಟಾ ಎನಿಸಿಕೊಂಡು, ಖೋಟಾ ಮಾತ್ರ ಅಸಲಿಯಾಗಿ ಉಳಿಯುತ್ತದೆ. ವಾದಕ್ಕಾಗಿ ಹೀಗೆ ಹೇಳುತ್ತಿಲ್ಲ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಈ ವಾರ ನಡೆದದ್ದೇ ಹೀಗೆ.

ನಮ್ಮ ಮೇಲಿನ ಮಹಡಿಯಲ್ಲಿ ಕುಂದಾಪುರ ಕಡೆಯ ಒಂದು ಕುಟುಂಬವಿದೆ. ಅವರ ಮಗ ಎರಡು ವರ್ಷ ಫ್ರಾನ್ಸಿನ ಟುಲೂಸ್‌ನಲ್ಲಿ ಕೆಲಸಮಾಡಿ ಈಚೆಗೆ ಮರಳಿದ್ದಾನೆ. ಅಲ್ಲಿನ ಹಳೆಯ ವಸ್ತುಗಳ ಸಂತೆಯಲ್ಲಿ ಕೊಂಡ ಆರು ನಾಣ್ಯಗಳನ್ನು ಅವನು ಬಿಲ್ಲು ಸಮೇತ ತಂದಿದ್ದ. ನಿಮ್ಮ ಪುರವಣಿಯನ್ನು ಓದಿದ ಮರುದಿನವೇ ಅವುಗಳನ್ನು ಝವೇರಿ ಬಜಾರಿಗೆ ಒಯ್ದು ಯಂತ್ರಕ್ಕೆ ಹಿಡಿಸಿ, ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದ. “ಮಾಮ, ಆರರಲ್ಲಿ ಐದು ಖೋಟಾ ಅಂತೆ. ಪೇಪರಿನಲ್ಲಿ ಬಂದ ಹಾಗೆ ನೋಡಿದರೆ ಒಂದೇ ಸರಿ ಉಂಟು” ಎಂದ. ಸರಿ ಉಂಟು ಎಂದದ್ದು ಬೆಳ್ಳಗೆ ಹೊಳೆಯುತ್ತಿದ್ದ ದೊಡ್ಡ ನಾಣ್ಯವನ್ನು. ಅದಕ್ಕೆ ಅವನು ಉಳಿದ ಐದಕ್ಕೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಟ್ಟಿದ್ದ. ಮಿಕ್ಕ ಐದು ನಮ್ಮ ಹಳೆಯ ಒಂದು ಪೈಸೆಯಷ್ಟು ಅಗಲದ, ಹಾಳೆಯಂತೆ ತೆಳ್ಳಗಿನ, ಒಲೆಯ ಬುಡದಿಂದ ಹೆಕ್ಕಿ ತೆಗೆದಂತೆ ಕಪ್ಪಾದ ಬಿಲ್ಲೆಗಳು. ಯಂತ್ರದ ಚೀಟಿಯಲ್ಲಿ ಬಿಳಿಯ ನಾಣ್ಯಕ್ಕೆ ನೂರಕ್ಕೆ 92.5 ಬೆಳ್ಳಿ ಎಂದಿತ್ತು. ಕಪ್ಪಿನವು ಯಾವುವೂ ನೂರಕ್ಕೆ ಐವತ್ತನ್ನು ಮುಟ್ಟಿರಲಿಲ್ಲ.

ನಾನು ಮೂವತ್ತೊಂದು ವರ್ಷ ಬ್ಯಾಂಕೊಂದರ ಕ್ಯಾಷ್ ವಿಭಾಗದಲ್ಲಿ ಚಿಲ್ಲರೆ ಎಣಿಸಿದವನು. ಅದರಲ್ಲಿ ಇಪ್ಪತ್ತೈದು ವರ್ಷಗಳಿಂದ ಈ ಕಪ್ಪು ಬಿಲ್ಲೆಗಳ ಬೆನ್ನು ಹತ್ತಿದ್ದೇನೆ. ಮೊದಲನೆಯದು ಸಿಕ್ಕಿದ್ದು ಚೋರ್ ಬಜಾರಿನಲ್ಲಿ, ಶುಕ್ರವಾರ ನಸುಕಿನಲ್ಲಿ ನೆಲದ ಮೇಲೆ ಹರಡುವ ಸಂತೆಯಲ್ಲಿ, ಮುರಿದ ಕೈಗಡಿಯಾರಗಳ ನಡುವೆ. ಆದ್ದರಿಂದ ಹುಡುಗ ತಂದ ಆರನ್ನೂ ಮೇಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು, ಒಂದೂವರೆ ಗಂಟೆ ಕುಳಿತೆವು. ತೀರ್ಪು ತಿರುಗುಮುರುಗಾಯಿತು.

ಬಿಳಿಯದರಿಂದಲೇ ಹೇಳುತ್ತೇನೆ. ಅದು ಗ್ರೋ ಟೂರ್ನ್ವಾ, ಅಂದರೆ ಟೂರ್ ನಗರದ ದೊಡ್ಡ ನಾಣ್ಯ, ಎಂಬುದರಂತೆ ಕಾಣಬೇಕೆಂದು ಮಾಡಿದ್ದು. ಫ್ರಾನ್ಸಿನ 9ನೆಯ ಲೂಯಿ, ಮುಂದೆ ಸಂತ ಪದವಿಗೇರಿದ ಅರಸ, ಇದನ್ನು 1266ರಲ್ಲಿ ಜಾರಿಗೆ ತಂದ. ಅದಕ್ಕೆ ಮೊದಲು ಸುಮಾರು ಐನೂರು ವರ್ಷ ಆ ದೇಶದಲ್ಲಿ ಓಡಾಡಿದ್ದು ಡೆನಿಯೆ ಎಂಬ ಸಣ್ಣ ನಾಣ್ಯ ಮತ್ತು ಅದರ ಅರ್ಧ. ಹನ್ನೆರಡು ಡೆನಿಯೆಗೆ ಒಂದು ಸೂ, ಇಪ್ಪತ್ತು ಸೂಗೆ ಒಂದು ಲೀವ್ರ್ ಎಂಬುದು ಲೆಕ್ಕದ ಪುಸ್ತಕದಲ್ಲಿತ್ತೇ ಹೊರತು ಸೂ ಎಂಬುದನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಹನ್ನೆರಡು ಡೆನಿಯೆಗೆ ಸಮನಾದ ಗ್ರೋ ಬಂದಮೇಲೆ ಹಿಡಿದರು. ಪ್ಯಾರಿಸ್ಸಿನ ಮಾರ್ಕ್ ಎಂಬ 244.75 ಗ್ರಾಂ ತೂಕದ ಬೆಳ್ಳಿಗೆ 58 ನಾಣ್ಯ ಬರುವಂತೆ ಅದನ್ನು ಟಂಕಿಸುತ್ತಿದ್ದರು. ಅಂದರೆ ಒಂದೊಂದೂ 4.22 ಗ್ರಾಂ. ಒಂದು ಬದಿಯಲ್ಲಿ ಶಿಲುಬೆ, ಅದರ ಸುತ್ತ ಎರಡು ಸಾಲು ಅಕ್ಷರ. ಇನ್ನೊಂದು ಬದಿಯಲ್ಲಿ ಟೂರ್ ನಗರದ ಹೆಸರು, ಗೋಪುರದಂಥ ಒಂದು ಕಟ್ಟಡ, ಅಂಚಿನಲ್ಲಿ ಹನ್ನೆರಡು ಲಿಲಿ ಹೂಗಳು. ಹೊರಸಾಲಿನಲ್ಲಿರುವುದು ದೇವರ ನಾಮಕ್ಕೆ ಸ್ತುತಿಯಾಗಲಿ ಎಂಬ ಲ್ಯಾಟಿನ್ ವಾಕ್ಯ. ನಮ್ಮ ಗೋವೆಯ ಕದಂಬರು ತಮ್ಮ ಚಿನ್ನದ ನಾಣ್ಯದ ಮೇಲೆ ‘ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂದು ಕೆತ್ತಿಸಿದ್ದು ನೆನಪಾಗದೆ ಇರದು. ಕಾರವಾರದವನಾದ ನನಗೆ ಆ ಸಾಲನ್ನು ಮೊದಲು ಕಂಡಾಗ ನೆನಪಾದದ್ದು ಅದೇ.

ಹುಡುಗನ ಗ್ರೋದಲ್ಲಿ ಹೂಗಳು ಲೆಕ್ಕಕ್ಕೆ ಹನ್ನೆರಡೂ ಇದ್ದವು. ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಹೂವಿನ ಲೆಕ್ಕ ತಪ್ಪುವುದಿಲ್ಲ. ತಪ್ಪುವುದು ಬೇರೆ ಕಡೆ. ಟಂಕಸಾಲೆಯಲ್ಲಿ ಸುತ್ತಿಗೆಯ ಏಟಿಗೆ ಮೂಡಿದ ಅಕ್ಷರದ ಪಕ್ಕೆ ಕಡಿದಾಗಿ ನಿಂತಿರುತ್ತದೆ. ಇದರಲ್ಲಿ ಅಕ್ಷರಗಳು ಬಚ್ಚಲಿನಲ್ಲಿ ನೆನೆದ ಸಾಬೂನಿನ ಮೇಲಿನ ಹೆಸರಿನಂತೆ ಕರಗಿದ್ದವು. ಶಿಲುಬೆಯ ತೋಳಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿದ್ದವು, ಎರಕದ ಗಾಳಿಗುಳ್ಳೆಯ ಗುರುತು. ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆಯನ್ನು ಅರದಿಂದ ಉಜ್ಜಿ ಅಳಿಸಿದ್ದು ಉಗುರಿಗೇ ತಿಳಿಯುತ್ತಿತ್ತು. ತೂಕ 3.74 ಗ್ರಾಂ, ಸವೆತವೇ ಕಾಣದ ನಾಣ್ಯ ಅಷ್ಟು ಹಗುರವಾಗಲು ಕಾರಣವಿಲ್ಲ. ಇನ್ನು ಆ 92.5 ಎಂಬ ಅಂಕಿ. 24 ಪಾಲಿನಲ್ಲಿ 23 ಪಾಲು ಶುದ್ಧವಾದ, ಅಂದರೆ ನೂರಕ್ಕೆ ಸುಮಾರು 95.8ರ ಬೆಳ್ಳಿಯನ್ನು ಆ ಕಾಲದ ಫ್ರಾನ್ಸಿನಲ್ಲಿ ‘ರಾಜನ ಬೆಳ್ಳಿ’ ಎನ್ನುತ್ತಿದ್ದರು. ಗ್ರೋ ಟಂಕಿಸುತ್ತಿದ್ದದ್ದು ಅದರಲ್ಲಿ. 92.5 ಎಂಬುದು ಇಂದಿನ ಒಡವೆ ಅಂಗಡಿಯ ಬೆಳ್ಳಿ. ಅಂಕಿಯೊಂದರಿಂದಲೇ ತೀರ್ಮಾನಿಸಲಾಗದು, ಆದರೆ ಅಂಚು, ಗುಳಿ, ತೂಕಗಳ ಜೊತೆ ಅದೂ ಸೇರಿದಾಗ ಸಂಶಯ ಉಳಿಯಲಿಲ್ಲ. ಯಾರೋ ಒಳ್ಳೆಯ ಬೆಳ್ಳಿಯನ್ನೇ ಕರಗಿಸಿ ಖೋಟಾ ಮಾಡಿದ್ದಾರೆ. ಬೆಳ್ಳಿಯೇ ಪರೀಕ್ಷೆಯಾದರೆ ಅದು ಮೊದಲ ದರ್ಜೆಯಲ್ಲಿ ಪಾಸು.

ಕಪ್ಪಿನವುಗಳ ಕಥೆ ಇದಕ್ಕಿಂತ ದೊಡ್ಡದು. ನಾವು ಪೂರ್ತಿ ನಿಜವನ್ನು ಹದಿನಾರಾಣೆ ನಿಜ ಎನ್ನುವಂತೆ, ಅಲ್ಲಿ ಪೂರ್ತಿ ‘ರಾಜನ ಬೆಳ್ಳಿ’ಗೆ ಹನ್ನೆರಡು ಡೆನಿಯೆ ಎನ್ನುತ್ತಿದ್ದರು. ಒಂದೊಂದು ಡೆನಿಯೆಗೆ ಇಪ್ಪತ್ತನಾಲ್ಕು ಗ್ರೇನು. ನಾಣ್ಯದ ಹೆಸರೂ ಅದೇ, ಶುದ್ಧತೆಯ ಅಳತೆಯ ಹೆಸರೂ ಅದೇ ಆದ್ದರಿಂದ ಹೊಸಬರಿಗೆ ಗೊಂದಲವಾಗುವುದುಂಟು. 9ನೆಯ ಲೂಯಿ ಗ್ರೋವನ್ನು ಹನ್ನೆರಡಕ್ಕೆ ಹನ್ನೆರಡರಲ್ಲಿ ಟಂಕಿಸಿದನಾದರೂ ಜನರ ಕೈಯ ಡೆನಿಯೆ ಟೂರ್ನ್ವಾ ಇದ್ದದ್ದು ಮೂರು ಡೆನಿಯೆ ಹದಿನೆಂಟು ಗ್ರೇನಿನ ಬೆಳ್ಳಿಯಲ್ಲಿ. ಲೆಕ್ಕಹಾಕಿದರೆ ಹತ್ತರಲ್ಲಿ ಮೂರು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅದು ಮೋಸವಲ್ಲ, ಸಂತನೆನಿಸಿದ ಅರಸನ ಆಜ್ಞೆಯೇ ಹಾಗಿತ್ತು. ಶತಮಾನಗಳ ಹಿಂದೆ, 793-94ರ ಹೊತ್ತಿಗೆ, ಅರಸ ಶಾರ್ಲ್‌ಮೇನ್ ಒಂದು ಪೌಂಡು ಬೆಳ್ಳಿಗೆ 240ರಂತೆ ಟಂಕಿಸಿದ ಡೆನಿಯೆ ಸುಮಾರು 1.7 ಗ್ರಾಂ ತೂಗುತ್ತಿತ್ತು, ಬಹುಪಾಲು ಬೆಳ್ಳಿಯೇ ಆಗಿತ್ತು. ನಾನೂರೈವತ್ತು ವರ್ಷಗಳ ನಂತರದ ಡೆನಿಯೆ ತೂಗುವುದು ಒಂದು ಗ್ರಾಂ ಚಿಲ್ಲರೆ, ಅದರೊಳಗೆ ಬೆಳ್ಳಿ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಸೊರಗುತ್ತ ಬಂದದ್ದು ಕಣ್ಣಿಗೆ ಕಾಣುವಂತಿರುವುದೇ ಈ ಸಂಗ್ರಹದ ರುಚಿ. ಹುಡುಗನ ಐದು ಅಸಲಿ ನಾಣ್ಯಗಳ ಬೆಳ್ಳಿಯನ್ನೆಲ್ಲ ಕೂಡಿಸಿದರೂ ಆ ಒಂದು ಖೋಟಾ ಗ್ರೋದ ಬೆಳ್ಳಿಗೆ ಸರಿಯಾಗುವುದಿಲ್ಲ.

ತಾಮ್ರವೇ ಹೆಚ್ಚಾಗಿದ್ದರೂ ಹೊಸ ಡೆನಿಯೆ ಟಂಕಸಾಲೆಯಿಂದ ಬೆಳ್ಳಗೇ ಹೊರಬರುತ್ತಿತ್ತು. ಬಿಲ್ಲೆಯನ್ನು ಕಾಯಿಸಿ ಹುಳಿಯ ದ್ರಾವಣದಲ್ಲಿ ಅದ್ದಿದರೆ ಮೇಲ್ಮೈಯ ತಾಮ್ರ ಕರಗಿಹೋಗಿ ಬೆಳ್ಳಿಯ ತೆಳುವಾದ ಪೊರೆಯೊಂದು ಉಳಿಯುತ್ತದೆ. ದ್ರಾಕ್ಷಾರಸದ ಪೀಪಾಯಿಯ ಒಳಗೋಡೆಗೆ ಹೆಪ್ಪುಗಟ್ಟುವ ಹುಳಿಯ ಗಸಿಯನ್ನು ಅವರು ಬಳಸಿದರೆ, ನಮ್ಮ ಅಕ್ಕಸಾಲಿಗರು ಹುಣಸೆಹುಳಿಯನ್ನು ಬಳಸುತ್ತಾರೆ. ಎರಡರಲ್ಲಿಯೂ ಕೆಲಸ ಮಾಡುವುದು ಒಂದೇ ಆಮ್ಲ. ಹತ್ತಾರು ಕೈ ದಾಟುವಷ್ಟರಲ್ಲಿ ಪೊರೆ ಸವೆದು ನಾಣ್ಯ ಕಪ್ಪಗಾಗುತ್ತಿತ್ತು. ಇಂಥವನ್ನು ಅಲ್ಲಿನ ಜನ ಕಪ್ಪು ಹಣ ಎಂದೇ ಕರೆಯುತ್ತಿದ್ದರು, ಇಂದಿನ ಅರ್ಥದಲ್ಲಿ ಅಲ್ಲವೆಂದು ಬೇರೆ ಹೇಳಬೇಕಿಲ್ಲ.

ನಿಮ್ಮ ಕಿರುಬರಹದ ‘ತಿಕ್ಕಿ ನೋಡಿ’ ಎಂಬ ಸಲಹೆಗೆ ನಾನು ಬೆಚ್ಚಿದ್ದು ಈ ಪೊರೆಯ ಕಾರಣಕ್ಕೆ. ಚೋರ್ ಬಜಾರಿನ ನನ್ನ ಮೊದಲ ಡೆನಿಯೆಯನ್ನು ಮನೆಗೆ ತಂದ ಸಂಜೆ, ದೇವರ ಪಾತ್ರೆಗೆಂದು ನೆನೆಹಾಕಿದ್ದ ಹುಣಸೆಹಣ್ಣಿನಲ್ಲಿ ಅದ್ದಿ, ಪಾತ್ರೆ ತಿಕ್ಕುವ ಪುಡಿ ಹಾಕಿ ಹೆಬ್ಬೆರಳಿನಿಂದ ಉಜ್ಜಿದ್ದೆ. ಮೊದಲು ಕಪ್ಪು ಹೋಯಿತು. ಅರೆಗಳಿಗೆ ಬೆಳ್ಳಗೆ ಕಂಡಿತು. ಸಂತೋಷದಿಂದ ಇನ್ನೊಂದಿಷ್ಟು ಉಜ್ಜಿದಾಗ ಕೆಂಪಗಾಯಿತು. ಏಳುನೂರು ವರ್ಷ ಉಳಿದಿದ್ದ ಪೊರೆ ಐದು ನಿಮಿಷದಲ್ಲಿ ಬಚ್ಚಲ ಪಾಲಾಯಿತು. ಅರಸನ ಹೆಸರಿನ ಮೊದಲ ಮೂರು ಅಕ್ಷರ ಅದರೊಂದಿಗೇ ಹೋದವು. ಆ ಕೆಂಪು ಬಿಲ್ಲೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಹುಡುಗನಿಗೆ ಅದನ್ನು ಮೊದಲು ತೋರಿಸಿದೆ, ಆಮೇಲೆ ಉಳಿದ ಮಾತು.

ಸರಾಫರ ಯಂತ್ರದ ವಿಚಾರಕ್ಕೂ ಈ ಪೊರೆಯೇ ಅಡ್ಡ ಬರುತ್ತದೆ. ಕ್ಷ-ಕಿರಣ ಹಾಯಿಸಿ ಬೆಳ್ಳಿಯ ಪ್ರಮಾಣ ಹೇಳುವ ಆ ಯಂತ್ರ ಓದುವುದು ಲೋಹದ ಮೇಲ್ಪದರವನ್ನು ಮಾತ್ರ. ಪೊರೆ ಉಳಿದ ಕಡೆ ಹಿಡಿದರೆ ನಿಜಕ್ಕಿಂತ ಹೆಚ್ಚು ಬೆಳ್ಳಿ ತೋರಿಸುತ್ತದೆ, ಸವೆದ ಕಡೆ ಹಿಡಿದರೆ ಇನ್ನೊಂದು ಅಂಕಿ. ಒಂದೇ ಡೆನಿಯೆ ಎರಡು ಬದಿಯಲ್ಲಿ ಎರಡು ಉತ್ತರ ಕೊಟ್ಟದ್ದು ಹುಡುಗನ ಚೀಟಿಯಲ್ಲೇ ಇತ್ತು. ಯಂತ್ರ ಕೆಟ್ಟಿದೆಯೆಂದು ಅವನು ಭಾವಿಸಿದ್ದ. ಬಳೆ, ಸರಗಳಿಗೆ ಯಂತ್ರದ ಮಾತು ನಂಬಬಹುದು. ಇವಕ್ಕೆ 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಒಳ್ಳೆಯ ಭೂತಗನ್ನಡಿ, ಬೆಳಗಿನ ಕಿಟಕಿಯ ಓರೆ ಬಿಸಿಲು ಇಷ್ಟು ಸಾಕು. ಬೀಳಿಸಿ ದನಿ ಕೇಳುವ ಪರೀಕ್ಷೆಯನ್ನಂತೂ ದಯವಿಟ್ಟು ಯಾರೂ ಮಾಡಬಾರದು. ಶತಮಾನಗಳು ಮಣ್ಣಿನಲ್ಲಿದ್ದ ಇಂಥ ಲೋಹ ಒಳಗೊಳಗೇ ಹಪ್ಪಳದಂತೆ ಗರಿಯಾಗಿರುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಅಸಲಿ ನಾಣ್ಯವೂ ದನಿ ಕೊಡುವುದಿಲ್ಲ, ಕೊಡುವುದರೊಳಗೆ ಎರಡು ಹೋಳಾದರೂ ಆಶ್ಚರ್ಯವಿಲ್ಲ.

ಅಕ್ಷರದ ತಪ್ಪಿನ ವಿಷಯದಲ್ಲಿ ನಿಮ್ಮ ಲೇಖಕರು ಹೇಳಿದ್ದಕ್ಕೆ ತದ್ವಿರುದ್ಧವಾದದ್ದೇ ಎಷ್ಟೋ ವೇಳೆ ನಿಜ. ಹುಡುಗನ ಐದರಲ್ಲಿ ಎರಡು ಡೆನಿಯೆ ಟೂರ್ನ್ವಾ. ಒಂದು ಶಾಂಪೇನ್ ಪ್ರಾಂತದ ಪ್ರೋವಾಂ ಊರಿನದು. ಅದರ ಮೇಲೆ ಅರಸನ ಮುಖವೂ ಇಲ್ಲ, ಕೋಟೆಯೂ ಇಲ್ಲ, ಇರುವುದು ಒಂದು ಬಾಚಣಿಗೆ. ಅಲ್ಲಿನ ಜಾತ್ರೆಗಳಲ್ಲಿ ಇಟಲಿಯ ವರ್ತಕರು ಈ ನಾಣ್ಯವನ್ನು ಎಷ್ಟು ನೆಚ್ಚಿಕೊಂಡಿದ್ದರೆಂದರೆ, 12ನೆಯ ಶತಮಾನದ ಕೊನೆಯ ಹೊತ್ತಿಗೆ ರೋಮ್ ನಗರದ ಸೆನೆಟ್ಟೇ ಬಾಚಣಿಗೆಯನ್ನು ಅನುಕರಿಸಿ ತನ್ನ ನಾಣ್ಯ ಟಂಕಿಸಿತು. ನಾಲ್ಕನೆಯದು ದಕ್ಷಿಣ ಕರಾವಳಿಯ ಮೆಲ್ಗಯ್ ನಾಣ್ಯ. ಅದನ್ನು ಮೊದಲು ಅಲ್ಲಿನ ಕೌಂಟರು, 1215ರಿಂದ ಮಗ್ಲೋನ್‌ನ ಬಿಷಪ್ಪರು ಹೊರಡಿಸಿದರು. ಆದರೆ ಅದರ ಮೇಲಿರುವುದು ರೇಮಂಡ್ ಎಂಬ ಹೆಸರು ಮತ್ತು ನಾರ್ಬಾನ್ ಎಂಬ ಬೇರೊಂದು ಊರು, ಅದೂ ಅಕ್ಷರಗಳು ತಲೆಕೆಳಗಾಗಿ, ಒಂದರ ಜಾಗದಲ್ಲಿ ಇನ್ನೊಂದು ಕುಳಿತು, ಓದಲಾಗದ ಹಾಗೆ. ಸಂತೆಯ ಜನರಿಗೆ ಗುರುತಾದದ್ದು ಹಳೆಯ ನಾಣ್ಯದ ರೂಪ. ರೂಪ ಬದಲಿಸಿದರೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ಅರಸರು ಸತ್ತರೂ ಹೆಸರು ಬಿಡಲಿಲ್ಲ, ಅಚ್ಚು ಕೊರೆಯುವವನು ಅಕ್ಷರ ಅರಿಯದಿದ್ದರೂ ಗೆರೆ ನೋಡಿ ಗೆರೆ ಎಳೆದ. ಐದನೆಯದರ ಮೇಲೆ ಶಿಲುಬೆಯ ಒಂದು ತೋಳನ್ನು ಬಿಟ್ಟು ಎಲ್ಲವೂ ಸವೆದಿದೆ.

ಇದಕ್ಕೆ ನಮ್ಮಲ್ಲೇ ಜೊತೆಯಿದೆ. ಅದೇ ಶತಮಾನಗಳಲ್ಲಿ ಗುಜರಾತಿನಿಂದ ಕೊಂಕಣದವರೆಗೆ ಚಲಾವಣೆಯಲ್ಲಿದ್ದ ಗಧೈಯಾ ನಾಣ್ಯದ ಮೇಲೆ ಒಂದಾನೊಂದು ಕಾಲಕ್ಕೆ ಇರಾನಿನ ಸಾಸಾನಿ ದೊರೆಯ ಮುಖ, ಹಿಂಬದಿಯಲ್ಲಿ ಅಗ್ನಿಕುಂಡ ಇದ್ದವು. ನಕಲಿನ ಮೇಲೆ ನಕಲು ಆಗುತ್ತ ಮುಖ ಕರಗಿ ಕೆಲವು ಗೆರೆಗಳೂ ಚುಕ್ಕಿಗಳೂ ಉಳಿದವು. ಫ್ರಾನ್ಸಿನ ಶಿನೋಂ ಊರಿನ ಡೆನಿಯೆಯಲ್ಲಿದ್ದ ಮುಖ ಶಾರ್ತ್ರ್, ಬ್ಲ್ವಾ ಕಡೆ ಸಾಗುತ್ತ ಸರಿಯಾಗಿ ಹೀಗೇ ಕರಗಿತು. ಗೊತ್ತಿಲ್ಲದವರು ಅದನ್ನು ಬೀಗದ ಕೈಯೆಂದೋ ಗೇಟೆಂದೋ ಓದುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಸುಖವನ್ನು ಬಲ್ಲವನೇ ಬಲ್ಲ. ‘ನಮ್ಮ ನಾಣ್ಯಗಳಿರುವಾಗ ವಿದೇಶಿಯದರ ಗೊಡವೆ ಏಕೆ’ ಎಂದು ನಿಮ್ಮ ಲೇಖಕರು ಕೊನೆಯ ಸಾಲಿನಲ್ಲಿ ಕೇಳಿದ್ದಾರೆ. ಗಧೈಯಾದ ಮುಖ ನನಗೆ ಕಂಡದ್ದು ಶಾರ್ತ್ರ್‌ನ ಮುಖ ಕಂಡ ಮೇಲೆಯೇ ಎಂಬುದಷ್ಟೇ ನನ್ನ ಉತ್ತರ.

ಬೆಳ್ಳಿ ಕಡಿಮೆಯಾದದ್ದೇ ಚರಿತ್ರೆ ಎನ್ನುವುದಕ್ಕೆ ಮುಂಬಯಿಯಲ್ಲೇ ಒಂದು ಸಾಕ್ಷಿಯಿದೆ. 9ನೆಯ ಲೂಯಿಯ ಮೊಮ್ಮಗ 4ನೆಯ ಫಿಲಿಪ್ ಯುದ್ಧದ ಖರ್ಚಿಗೆ ಹಣ ಸಾಲದೆ 1295ರಿಂದ ನಾಣ್ಯದ ಬೆಳ್ಳಿಯನ್ನು ಕದಿಯುತ್ತ ಹೋದ. 1306ರಲ್ಲಿ ಹಠಾತ್ತನೆ ಹಳೆಯ ಗಟ್ಟಿ ನಾಣ್ಯವನ್ನು ಮರಳಿ ತಂದಾಗ ಪ್ಯಾರಿಸ್ಸಿನ ಮನೆಮಾಲಿಕರು ಬಾಡಿಗೆಯನ್ನು ಗಟ್ಟಿ ನಾಣ್ಯದಲ್ಲೇ ಕೊಡಬೇಕೆಂದರು. ನಿನ್ನೆಯ ಬಾಡಿಗೆ ಇಂದು ಮೂರು ಪಟ್ಟಾಯಿತು. ಜನ ದಂಗೆಯೆದ್ದರು, ಅರಸ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಕೋಟೆಯಲ್ಲಿ ಅಡಗಬೇಕಾಯಿತು. ಪಗಡಿ ಮನೆಯ ಬಾಡಿಗೆಯ ತಕರಾರನ್ನು ಬಲ್ಲ ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಕಾಲೀನನಾದ ಇಟಲಿಯ ಕವಿ ಡಾಂಟೆ ತನ್ನ ಮಹಾಕಾವ್ಯದ ಸ್ವರ್ಗಕಾಂಡದಲ್ಲಿ, ನಾಣ್ಯವನ್ನು ಖೋಟಾ ಮಾಡಿ ಸೇನ್ ನದಿಯ ತೀರಕ್ಕೆ ದುಃಖ ತಂದವನೆಂದು ಇವನನ್ನೇ ಕುರಿತು ಹೇಳಿದ್ದಾನೆ. ಆ ಕಾವ್ಯದ ಪುರಾತನ ಹಸ್ತಪ್ರತಿಯೊಂದು, ಮುಂಬಯಿಯ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ ಕೊಟ್ಟದ್ದು, ಫೋರ್ಟ್‌ನ ಟೌನ್ ಹಾಲಿನಲ್ಲಿರುವ ಏಷ್ಯಾಟಿಕ್ ಸೊಸೈಟಿಯಲ್ಲಿದೆ. ಹುಡುಗನ ಎರಡು ಟೂರ್ನ್ವಾಗಳಲ್ಲಿ ಒಂದರ ಮೇಲೆ ಫಿಲಿಪ್ ರಾಜ ಎಂದಿದೆ. ಆ ಹೆಸರಿನ ಅರಸರು ಹಲವರಿರುವುದರಿಂದ ಇವನದೇ ಎಂದು ಹೇಳಲು ಅಕ್ಷರಗಳ ಆಕಾರವನ್ನು ಸಾವಕಾಶವಾಗಿ ಹೋಲಿಸಬೇಕು, ಹೋಲಿಸಲು ಅಕ್ಷರಗಳು ಉಳಿದಿರಬೇಕು. ತಿಕ್ಕಬಾರದೆನ್ನುವುದು ಅದಕ್ಕೂ ಹೌದು. 6ನೆಯ ಚಾರ್ಲ್ಸ್‌ನ ಕಾಲದಲ್ಲಿ, 1389ರಿಂದ, ಯಾವ ಟಂಕಸಾಲೆಯ ನಾಣ್ಯವೆಂದು ಅಧಿಕಾರಿಗಳು ಗುರುತಿಸಲು ಅಕ್ಷರದ ಕೆಳಗೆ ಒಂದು ಗುಪ್ತ ಚುಕ್ಕೆ ಇಡುವ ಪದ್ಧತಿ ಬಂತು: ಆರನೆಯ ಅಕ್ಷರದ ಕೆಳಗಿದ್ದರೆ ಟೂರ್, ಹದಿನೈದನೆಯದಾದರೆ ರೂವಾಂ, ಹದಿನೆಂಟನೆಯದಾದರೆ ಪ್ಯಾರಿಸ್. ಸಾಸಿವೆಯ ಕಾಲುಭಾಗದಷ್ಟಿರುವ ಆ ಚುಕ್ಕೆಗೆ ಹುಣಸೆಹಣ್ಣಿನ ಒಂದು ಉಜ್ಜು ಸಾಕು.

ಇಷ್ಟನ್ನು ಓದಿ ಯಾರಿಗಾದರೂ ಆಸೆ ಹುಟ್ಟಿದರೆ ಒಂದೆರಡು ಮಾತು. ಓದಬಲ್ಲ, ಆದರೆ ಅಂದಚಂದವಿಲ್ಲದ ಒಂದು ಸಾಧಾರಣ ಡೆನಿಯೆಗೆ ನಾನು ಇದುವರೆಗೆ ಕೊಟ್ಟಿರುವುದು ಊರಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಖರ್ಚು. ಆದ್ದರಿಂದ ಇದು ಸಿರಿವಂತರ ಹುಚ್ಚೇನೂ ಅಲ್ಲ. ಗ್ರೋವನ್ನು ಮೊದಲು ಕೊಳ್ಳಬೇಡಿ, ಖೋಟಾ ಮಾಡುವವರ ಕಣ್ಣು ಇರುವುದು ಅದರ ಮೇಲೆಯೇ. ನಾಣ್ಯ ಎಲ್ಲಿಂದ ಬಂತೆಂದು ಕೇಳಿ. ಅಲ್ಲಿ ಲೋಹಶೋಧಕ ಹಿಡಿದು ಅನುಮತಿಯಿಲ್ಲದೆ ಹೊಲಗಳಲ್ಲಿ ಪುರಾತನ ವಸ್ತು ಹುಡುಕುವುದನ್ನು 1989ರಿಂದಲೂ ಕಾನೂನು ನಿಷೇಧಿಸುತ್ತ ಬಂದಿದೆ. ಇಲ್ಲಿಯೂ, 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತುವಿನ ಸಾಲಿಗೆ ಸೇರುತ್ತದೆ, ಅಂಥದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಪರೀಕ್ಷೆಗೆಂದು ಪ್ಯಾರಿಸ್ಸಿಗೆ ಅಂಚೆಯಲ್ಲಿ ಕಳುಹಿಸುವ ಯೋಚನೆ ಮಾಡುವವರು ಮೊದಲು ವಿಚಾರಿಸಿಕೊಳ್ಳಲಿ. ಮುಂಬಯಿಯ ಮಳೆಗಾಲಕ್ಕೆ ಇನ್ನೊಂದು ಎಚ್ಚರ: ಮೆತ್ತಗಿನ ಪಿವಿಸಿ ಚೀಲಗಳಲ್ಲಿ ಇಡಬೇಡಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚೀಲ ಅಂಟಂಟಾಗಿ, ತಾಮ್ರ ಹೆಚ್ಚಿರುವ ನಾಣ್ಯದ ಮೇಲೆ ಹಸಿರು ಪುಡಿ ಏಳುತ್ತದೆ. ಆಮ್ಲವಿಲ್ಲದ ಕಾಗದದ ಪುಟ್ಟ ಲಕೋಟೆ, ಮುಚ್ಚಳ ಗಟ್ಟಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣ ಇದ್ದರೆ ಸಾಕು.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಭಾನುವಾರದ ಪುರವಣಿಯಲ್ಲಿ, ಆ ಕಿರುಬರಹ ಬಂದ ಪುಟದಲ್ಲೇ, ಮಧ್ಯಯುಗದ ನಾಣ್ಯಗಳನ್ನು ತಿಕ್ಕಬಾರದು, ಬೀಳಿಸಬಾರದು ಎಂಬ ಎರಡು ಸಾಲಿನ ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಿ. ಇದನ್ನು ಬರೆಯುತ್ತಿರುವಾಗಲೇ ಆ ಹುಡುಗನ ತಾಯಿ ಕೆಳಗಿಳಿದು ಬಂದಿದ್ದರು. ಅವರ ತಮ್ಮ ಠಾಣೆಯಲ್ಲಿದ್ದಾರಂತೆ, ಅವರ ಬಳಿಯೂ ಇಂಥವೇ ಏಳೆಂಟು ಇವೆಯಂತೆ, ನಿಮ್ಮ ಪತ್ರಿಕೆಯನ್ನು ಅವರೂ ತರಿಸುತ್ತಾರಂತೆ. ಅವರಿಗೆ ಫೋನ್ ಮಾಡಿಸಿದೆ. ಮೂರನ್ನು ಆಗಲೇ ತೊಳೆದಾಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ, ಡೊಂಬಿವಲಿ